ಕಲ್ಲುಮುಖದ ಎರಡು ನಿಮಿಷ

ಭಾವ ಅಕ್ಕನಿಗೆ ಹೊಡೆಯುವ ಮೊದಲು ಟೀವಿಯ ಶಬ್ದ ಜೋರು ಮಾಡುವುದು ನನ್ನ ಕೆಲಸವಾಗಿತ್ತು. ಅವನು ಟೈರಿನ ಅಂಗಡಿಯ ಕೆಲಸ ಮುಗಿಸಿ ಬಂದು, ಕೈಗೆ ಹತ್ತಿದ ಕಪ್ಪನ್ನು ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆದು, ಟವೆಲಿಗೆ ಒರೆಸಿ, ಕಿಟಕಿ ಮುಚ್ಚಿ, ನನ್ನ ಕಡೆ ನೋಡದೆಯೇ "ಮೂಗಿ, ಟೀವಿ" ಎನ್ನುತ್ತಿದ್ದ. ನಾನು ಹೆಚ್ಚು ಮಾತಾಡುವುದಿಲ್ಲವೆಂದು ಅವನೇ ಇಟ್ಟ ಹೆಸರು. ನಾನು ಗುಂಡಿ ಒತ್ತುತ್ತಿದ್ದೆ. ಮರುಕ್ಷಣ ಅಕ್ಕನ ಕೂದಲು ಅವನ ಮುಷ್ಟಿಯಲ್ಲಿರುತ್ತಿತ್ತು. ಬೆನ್ನು, ತೊಡೆ, ಪಕ್ಕೆ. ಬಟ್ಟೆ ಮುಚ್ಚುವ ಜಾಗಗಳೆಲ್ಲ ಅವನಿಗೆ ಬಾಯಿಪಾಠ.

ಅಕ್ಕ ಅಳುತ್ತಿರಲಿಲ್ಲ. ಒಮ್ಮೆ ಅವಳ ತಲೆ ಗೋಡೆಗೆ ಬಡಿದು ಸುಣ್ಣ ಉದುರಿದಾಗಲೂ ಮುಖದ ಒಂದು ಗೆರೆ ಕದಲಲಿಲ್ಲ. ಎರಡು ಮಾರು ದೂರದ ತೊಟ್ಟಿಲಲ್ಲಿ ಗುಂಡ, ಅವಳ ಐದು ತಿಂಗಳ ಮಗ, ಅವಳನ್ನೇ ನೋಡುತ್ತಿದ್ದ. ಅವನೂ ಅಳುತ್ತಿರಲಿಲ್ಲ. ಎಷ್ಟು ಒಳ್ಳೆಯ ಮಗು ಎಂದು ಕೆಳಗಿನ ಮನೆಯ ಅಜ್ಜಿ ದೃಷ್ಟಿ ತಾಗುವಷ್ಟು ಹೊಗಳುತ್ತಿದ್ದಳು.

ಬೆನ್ನಿಗೆ ನಾನು ಬಿಸಿನೀರಿನ ಬಟ್ಟೆ ಒತ್ತುವಾಗ ಅಕ್ಕ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದಳು. "ನಾನು ಅತ್ರೆ ತಾನೇ ಗುಂಡ ಹೆದರೋದು? ಮುಖ ಹಿಂಗೇ ಇಟ್ಕೊಂಡ್ರೆ ಅವನಿಗೇನೂ ಗೊತ್ತಾಗಲ್ಲ. ಅವನಿಗೆ ಬುದ್ಧಿ ಬರೋದ್ರೊಳಗೆ ಹೊರಟುಬಿಡೋಣ ಕಣೆ."

ಬುದ್ಧಿ ಯಾವಾಗ ಬರುತ್ತದೆಂದು ನಾನು ಕೇಳಲಿಲ್ಲ. ಅಕ್ಕನ ಲೆಕ್ಕದಲ್ಲಿ ಅದಕ್ಕಿನ್ನೂ ಎರಡು ಮೂರು ವರ್ಷವಿತ್ತು.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಕೆಲಸಕ್ಕಿದ್ದದ್ದು ಮೆದುಳು ಅಳೆಯುವ ಜಾಗದಲ್ಲಿ. ಅಲ್ಲಿ ಎಳೆಕೂಸುಗಳ ತಲೆಗೆ ಬಲೆಯಂಥ ಟೋಪಿ ತೊಡಿಸುತ್ತಾರೆ. ಅದರ ತುಂಬ ಸ್ಪಂಜಿನ ಸಣ್ಣ ಬಿಲ್ಲೆಗಳು, ಒಂದೊಂದಕ್ಕೂ ಒಂದೊಂದು ವೈರು. ಮೆದುಳಿನೊಳಗಿನ ಚಟುವಟಿಕೆ ಪರದೆಯ ಮೇಲೆ ಗೆರೆಗಳಾಗಿ ಓಡುತ್ತದೆ. ಟೋಪಿಯನ್ನು ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ನೆನೆಸಿ ಕೊಡುವುದು, ತೊಳೆದು ಒಣಗಿಸುವುದು, ಮಗುವಿನ ಜೊಲ್ಲು ಹೀರಿದ ಹತ್ತಿಯನ್ನು ಸೀಸೆಗೆ ಹಾಕಿ ಫ್ರೀಜರಿನಲ್ಲಿಡುವುದು ನನ್ನ ಪಾಲು. ಹಾಲು ಕುಡಿಯೋ ಮಕ್ಕಳಿಗೂ ಟೋಪಿ ಹಾಕೋಳು ಇವಳೊಬ್ಬಳೇ ಎಂದು ಗೇಟಿನ ಕಾವಲುಗಾರ ದಿನಾ ತಮಾಷೆ ಮಾಡುತ್ತಿದ್ದ.

ಪರೀಕ್ಷೆ ನೋಡಲು ಸರಳ. ತಾಯಿ ಮಗುವಿನ ಎದುರು ಕೂತು ಎರಡು ನಿಮಿಷ ಆಡಿಸುತ್ತಾಳೆ. ಗಂಟೆ ಬಾರಿಸಿದ ತಕ್ಷಣ ಅವಳ ಮುಖ ಕಲ್ಲಾಗಬೇಕು. ಎರಡು ನಿಮಿಷ ನಗುವಿಲ್ಲ, ಮಾತಿಲ್ಲ. ನಾವು ಅದನ್ನು ಕಲ್ಲುಮುಖ ಎನ್ನುತ್ತಿದ್ದೆವು. ಮೊದಲನೇ ಸಲ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಒಂದೇ. ನಗುತ್ತವೆ, ಕೈ ಚಾಚುತ್ತವೆ, ಕೂಗಿ ಕರೆಯುತ್ತವೆ, ತಾಯಿ ಓಗೊಡದಿದ್ದರೆ ಕೊನೆಗೆ ಅಳುತ್ತವೆ. ಹದಿನೈದು ದಿನ ಬಿಟ್ಟು ಅದೇ ಕೋಣೆಗೆ ಕರೆಸಿದಾಗ ಕೆಲವು ಮಕ್ಕಳು ನಗುವ ಗೋಜಿಗೇ ಹೋಗುವುದಿಲ್ಲ. ಮುಖ ಕಲ್ಲಾದೊಡನೆ ಪರದೆಯ ಮೇಲಿನ ಗೆರೆಗಳು ಎದ್ದು ನಿಲ್ಲುತ್ತವೆ. ಹಿಂದಿನ ಸಲದ್ದನ್ನು ಆ ಮಕ್ಕಳು ಮರೆತಿಲ್ಲ. ಇದನ್ನು ನನಗೆ ಯಾರೂ ಪಾಠ ಮಾಡಿರಲಿಲ್ಲ. ಪರೀಕ್ಷೆ ನಡೆಸುವ ಮೇಡಂ ಬೆನ್ನ ಹಿಂದೆ ನಿಂತು ನೋಡಿ ನೋಡಿ ತಿಳಿದಿತ್ತು.

ಆ ತಿಂಗಳು ಮಕ್ಕಳು ಸಾಲದೆ ಮೇಡಂ ಗುಂಡನನ್ನು ಕರೆತರಲು ಕೇಳಿದರು. ಅಕ್ಕನಿಗೆ ಅರ್ಧ ದಿನವಾದರೂ ಮನೆಯ ಹೊರಗಿರುವ ಆಸೆ. ಭಾವ ಬೇಡವೆನ್ನಬಹುದು ಎಂದುಕೊಂಡಿದ್ದೆ. ಅವನೋ, ನನ್ನ ಮಗನ ತಲೆಯನ್ನು ಮಿಷನ್ನಿನಲ್ಲಿ ನೋಡುತ್ತಾರಂತೆ ಎಂದು ಟೈರಿನ ಅಂಗಡಿಯಲ್ಲೆಲ್ಲ ಜಂಭ ಕೊಚ್ಚಿಕೊಂಡು ಬಂದ. ಹೋಗುವ ಹಿಂದಿನ ದಿನವೇ ಅಕ್ಕನ ಪಕ್ಕೆಗೆ ಒದ್ದಿದ್ದ. ಅವಳು ಆ ಕೋಣೆಯ ಕುರ್ಚಿಯಲ್ಲಿ ಓರೆಯಾಗಿ ಕೂತಳು.

ಕೋಣೆಯ ಗಾಜಿನ ಗೋಡೆಯ ಈಚೆ ನಾನು ಮತ್ತು ಮೇಡಂ. ಅಕ್ಕ ಆಡಿಸಿದಳು. ಗುಂಡ ಬೊಚ್ಚುಬಾಯಿ ಬಿಟ್ಟು ಕೇಕೆ ಹಾಕಿದ. ಗಂಟೆ ಬಾರಿಸಿತು. ಅಕ್ಕನ ಮುಖ ನಿಂತುಹೋಯಿತು. ಅಷ್ಟು ಚೆನ್ನಾಗಿ ಯಾವ ತಾಯಿಗೂ ಬಂದಿರಲಿಲ್ಲ. ಬೇರೆಯವರ ತುಟಿಯಾದರೂ ಅದುರುತ್ತದೆ.

ಗುಂಡ ಕರೆಯಲಿಲ್ಲ. ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡ. ಭುಜಗಳು ಕಿವಿಯವರೆಗೆ ಏರಿದವು. ಉಸಿರು ಬಿಗಿಹಿಡಿದ. ಕೋಣೆಯಲ್ಲಿ ಯಾರೂ ಕೈ ಎತ್ತಿರಲಿಲ್ಲ, ಆದರೂ ಅವನು ಏಟಿಗೆ ಕಾಯುತ್ತಿದ್ದ. ಗೆರೆಗಳು ಒಂದರ ಮೇಲೊಂದು ಹತ್ತಿ ಪರದೆ ತುಂಬಿ ಕಪ್ಪಾಯಿತು.

ಮೇಡಂ ಕೂಡಲೇ ನಿಲ್ಲಿಸಿಬಿಟ್ಟರು. ಇವನು ಹಿಂದೆ ಇಲ್ಲಿಗೆ ಬಂದಿದ್ದನೇ ಎಂದು ನನ್ನನ್ನು ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ.

ಆಮೇಲೆ ಅಕ್ಕನಿಗೆ, ತಮ್ಮ ಮಗಳು ಕೂಸಾಗಿದ್ದಾಗ ಇದೇ ಕುರ್ಚಿಯಲ್ಲಿ ತೆಗೆದ ವಿಡಿಯೊ ತೋರಿಸಿದರು; ಆ ಕೂಸು ಕೈ ಚಾಚಿ ಕೂಗಿ ಕರೆಯುತ್ತಿತ್ತು. ನಂತರ ಗುಂಡನದು. ಒಂದೇ ಅಳತೆಯಿಂದ ಎಲ್ಲವನ್ನೂ ಹೇಳಲಾಗದು, ಆದರೆ ಬೇರೆ ಮಕ್ಕಳಲ್ಲಿ ಎರಡನೇ ಸಲ ಕಾಣುವುದು ಇವನಲ್ಲಿ ಮೊದಲನೇ ಸಲವೇ ಕಂಡಿದೆ, ಈ ಪಾಠ ಅವನಿಗೆ ಇಲ್ಲಿ ಸಿಕ್ಕಿದ್ದಲ್ಲ ಎಂದರು. ಕೊನೆಗೆ ದನಿ ತಗ್ಗಿಸಿ ಕೇಳಿದರು, "ನಿಮ್ಮ ಮುಖ ಹೀಗಾದ ಮೇಲೆ ಮನೇಲಿ ಏನಾಗುತ್ತಮ್ಮಾ?"

ಅಕ್ಕ ಪರದೆಯ ಮೇಲಿನ ಆ ಮುಚ್ಚಿದ ಕಣ್ಣುಗಳನ್ನು ಬೆರಳಿನಿಂದ ಮುಟ್ಟಿದಳು. ಮನೆಗೆ ಮರಳುವ ಬಸ್ಸಿನಲ್ಲಿ, ಇಳಿಯುವ ಜಾಗ ಹತ್ತಿರವಾದಾಗ, ನನ್ನ ಕಡೆ ತಿರುಗಿದಳು.

"ಅವನನ್ನ ಕಾಪಾಡ್ತಿದೀನಿ ಅಂದ್ಕೊಂಡಿದ್ದೆ ಕಣೆ. ಮುಖ ಕಲ್ಲು ಮಾಡಿ, ಏಟು ಬರುತ್ತೆ ಅಂತ ನಾನೇ ಗಂಟೆ ಬಾರಿಸ್ತಿದ್ದೆ."

ಭಾವ ಊಟಕ್ಕೆ ಮನೆಗೆ ಬಂದಿದ್ದ. ತಟ್ಟೆಯಿಂದ ತಲೆಯೆತ್ತದೆ, ಏನಂದ್ರು ನನ್ನ ಮಗನ ತಲೆ ಬಗ್ಗೆ ಎಂದು ಕೇಳಿದ. ಅಕ್ಕ ನನ್ನ ಕಂಕುಳಲ್ಲಿದ್ದ ಗುಂಡನನ್ನು ನೋಡಿದಳು.

"ಅವನಿಗೆ ಎಲ್ಲ ನೆನಪಿದೆ ಅಂದ್ರು."

"ಏನು ನೆನಪು?"

"ನೀವು ಹೊಡೆಯೋದು."

ಅವನು ಮೊದಲು ನಕ್ಕ. ಆಮೇಲೆ ತಟ್ಟೆಯನ್ನು ಎಸೆದ. ಅದು ಅಕ್ಕನ ಕಿವಿಯ ಪಕ್ಕ ಗೋಡೆಗೆ ಬಡಿದು ನೆಲದಲ್ಲಿ ಗಿರಗಿರನೆ ತಿರುಗಿತು. ಊರವರ ಮುಂದೆ ನನ್ನ ಮಾನ ಕಳೆದು ಬಂದಿದೀಯ ಎಂದು ಎದ್ದ. ಕೈ ತೊಳೆಯಲಿಲ್ಲ. ಕಿಟಕಿ ಮಾತ್ರ ಮುಚ್ಚಿದ.

"ಮೂಗಿ, ಟೀವಿ."

ಅಭ್ಯಾಸದಿಂದ ಅಕ್ಕನ ಮುಖ ಕಲ್ಲಾಯಿತು. ಅದೇ ಗಳಿಗೆಗೆ ಗುಂಡನ ಭುಜಗಳು ನನ್ನ ಕುತ್ತಿಗೆಗೆ ಒತ್ತಿ ಮೇಲೇರಿದವು, ಎದೆ ಉಸಿರಾಟ ನಿಲ್ಲಿಸಿತು. ಭಾವನ ಕೈ ಇನ್ನೂ ಕೆಳಗೇ ಇತ್ತು. ಗಾಜಿನ ಆಚೆ ನೋಡಿದ್ದು ಈಗ ನನ್ನ ಮೈಗೇ ತಾಗಿತು.

ನಾನು ಟೀವಿಯ ಹತ್ತಿರ ಹೋದೆ. ಪ್ಲಗ್ ಹಿಡಿದು ಎಳೆದೆ. ಮತ್ತೆ ಕೈಚಾಚಿ ಕಿಟಕಿಯನ್ನು ಪೂರ್ತಿ ತೆರೆದೆ.

ಭಾವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ರಿಮೋಟಿನಿಂದ ನನ್ನ ಕಿವಿಯ ಮೇಲೆ ಬಾರಿಸಿದ. ತಲೆಯೊಳಗೆ ಸಿಳ್ಳೆ ಎದ್ದಿತು. ನಾನು ಗುಂಡನ ಮೇಲೆ ಬಾಗಿ ಗೋಡೆಗೆ ಒರಗಿದೆ. ಎರಡನೇ ಏಟಿಗೆ ಅವನು ಕೈ ಎತ್ತಿದಾಗ ಅಕ್ಕ ನಡುವೆ ಬಂದಳು. ಏಟು ಅವಳ ಬಾಯಿಗೆ ಬಿತ್ತು. ಮೊದಲ ಸಲ ಬಟ್ಟೆ ಮುಚ್ಚದ ಜಾಗಕ್ಕೆ. ತುಟಿ ಒಡೆದು ರಕ್ತ ಗಲ್ಲಕ್ಕೆ ಇಳಿಯಿತು.

ಆಗ ಅಕ್ಕ ಕೂಗಿದಳು. ನನ್ನ ಅಕ್ಕನಿಗೆ ಅಂಥ ಗಂಟಲಿದೆಯೆಂದು ನನಗೆ ಗೊತ್ತಿರಲಿಲ್ಲ. ಅವನ ತೋಳನ್ನು ಕಚ್ಚಿ ಹಿಡಿದಳು, ಬಿಟ್ಟು ಮತ್ತೆ ಕೂಗಿದಳು. ಕೆಳಗೆ ಬಾಗಿಲುಗಳು ತೆರೆದುಕೊಂಡವು. ಅಜ್ಜಿ ಏನಾಯ್ತೇ ಎನ್ನುತ್ತ ಮೆಟ್ಟಿಲು ಹತ್ತುವುದು ಕೇಳಿಸಿತು. ಅವಳ ಹಿಂದೆ ಬಹಳ ಹೆಜ್ಜೆಗಳು. ಭಾವ ಕಿಟಕಿಯನ್ನೂ ಬಾಗಿಲನ್ನೂ ನೋಡಿದ. ಯಾವುದನ್ನು ಮೊದಲು ಮುಚ್ಚಬೇಕೆಂದು ಅವನಿಗೆ ತೋಚಲಿಲ್ಲ.

ನಾವು ಆ ಬಾಗಿಲಿನಿಂದಲೇ ಹೊರಬಿದ್ದೆವು, ಬರಿಗಾಲಲ್ಲಿ. ಮೆಟ್ಟಿಲ ಮೇಲೆ ನಿಂತವರು ಎಲ್ಲಿಗೆ ಎಂದರು. ಅಕ್ಕನ ಬಾಯಿ ತುಂಬ ರಕ್ತವಿತ್ತು.

"ಠಾಣೆಗೆ," ಎಂದೆ ನಾನು.

ಗುಂಡ ಕಣ್ಣು ಬಿಟ್ಟಿದ್ದ. ರಕ್ತ, ಕಣ್ಣೀರು, ಸಿಟ್ಟು ಎಲ್ಲ ಸೇರಿ ಅಲುಗಾಡುತ್ತಿದ್ದ ತಾಯಿಯ ಮುಖವನ್ನು ನೋಡಿದ. ಬಾಯಿ ತೆರೆದು, ಬೀದಿಯೇ ತಿರುಗಿ ನೋಡುವಂತೆ ಅಳತೊಡಗಿದ. ಠಾಣೆಯವರೆಗೂ ಅತ್ತ. ನಾವಿಬ್ಬರೂ ಅವನನ್ನು ಸುಮ್ಮನಿರಿಸಲಿಲ್ಲ.