ಮುಂದಿನ ಜೋಡಿ, ಹಿಂದಿನ ಜೋಡಿ

ಹಾವಗೆಪ್ಪ ಟೈರಿನ ಬೆನ್ನು ತಟ್ಟಿದ, ಹಲ್ಲು ನೋಡಿದ, ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು, "ಇದು ಬ್ಯಾಡ" ಅಂದ.

"ಯಾಕ್ರಿ?" ಅಂದ ಡ್ರೈವರ್ ಖಾಸಿಂ ಅಲಿ. ಬೆಳಗಿನಿಂದ ಅವನ ಬಾಯಲ್ಲಿ ಉಳಿದದ್ದು ಅದೊಂದೇ ಮಾತು.

"ಸುಳಿ ಕೆಟ್ಟದ್ದದ." ಟೈರಿನ ಪಕ್ಕೆಗೆ ಹಚ್ಚಿದ್ದ ಅಂಗೈಯಗಲದ ರಬ್ಬರ್ ತೇಪೆಯ ಮೇಲೆ ಹಾವಗೆಪ್ಪ ಬೆರಳಿಟ್ಟ. "ಹೆಗಲಿನ ಕೆಳಗ ಸುಳಿ ಇದ್ದ ಎತ್ತು ಕಟ್ಟಿದ ಮನಿ ಉದ್ಧಾರ ಆಗಿದ್ದು ನಾ ನೋಡಿಲ್ಲ."

"ಅದು ಸುಳಿ ಅಲ್ರಿ, ಪ್ಯಾಚ್!"

"ಹೆಸರು ಏನರ ಇರಲಿ. ಜಾಗಾ ಕೆಟ್ಟದ್ದು."

ಬೀದರಿನ ಚೌಬಾರಾದ ಹಿಂದಿನ ಗಲ್ಲಿಯಲ್ಲಿ ಮಹಮ್ಮದ ಇಸ್ಮಾಯಿಲನ ಟೈರಿನ ಗೋದಾಮು. ಹೈದರಾಬಾದ್ ಸಂಸ್ಥಾನದ ಮೇಲೆ ಪೊಲೀಸ್ ಆ್ಯಕ್ಷನ್ ಆಗಿ ವರ್ಷ ತುಂಬಿರಲಿಲ್ಲ. ಪಲ್ಟನ್ನು ಬಿಟ್ಟುಹೋದ ಹಳೆಯ ಸಾಮಾನುಗಳೆಲ್ಲ ಅವನ ಗೋದಾಮಿನಲ್ಲಿ ಬಂದು ಬಿದ್ದಿದ್ದವು. ಹಾಗೆಯೇ ಪಲ್ಟನ್ನಿನ ಹರಾಜಿನಲ್ಲಿ ಹಾವಗೆಪ್ಪನ ಪಾಲಿಗೆ ಒಂದು ಗಿಡ್ಡ ಲಾರಿ ಬಂದಿತ್ತು. ಮುಂದೆ ಮೂವರು ಕೂರುವ ಗೂಡು, ಹಿಂದೆ ತೆರೆದ ಪೆಟ್ಟಿಗೆ. ಎಂಜಿನ್ನು ಗಟ್ಟಿಯಾಗಿತ್ತು. ಟೈರು ಮಾತ್ರ ನಾಲ್ಕೂ ಸವೆದು ಒಳಗಿನ ನೂಲು ಕಾಣುತ್ತಿತ್ತು.

ಹಾವಗೆಪ್ಪ ಔರಾದದ ಆಚೆಗಿನ ಒಂದು ವಾಡಿಯ, ಪುಟ್ಟ ಹಳ್ಳಿಯ, ರೈತ. ಮುಂಜಾನೆ ಲಿಂಗಪೂಜೆ ಮುಗಿಸದೆ ನೀರು ಕುಡಿದವನಲ್ಲ. ಭಾಲ್ಕಿಯ ದನದ ಸಂತೆಯಲ್ಲಿ ಅವನು ಕೈಯಿಟ್ಟು ಆರಿಸಿದ ಎತ್ತು ಎಂದೂ ಹುಸಿ ಹೋದದ್ದಿಲ್ಲ ಎಂದು ಸುತ್ತಲಿನ ಊರೆಲ್ಲ ಹೇಳುತ್ತಿತ್ತು. ಗೊತ್ತಿದ್ದುದನ್ನು ಹಿಡಿದುಕೊಂಡು ಗೊತ್ತಿಲ್ಲದ್ದನ್ನು ದಾಟುವ ಬುದ್ಧಿಯನ್ನು ಶಿವನು ಎಲ್ಲರಿಗೂ ಕೊಟ್ಟಿದ್ದಾನೆ. ದಾಟುವಾಗ ಹಿಡಿದದ್ದನ್ನು ಎಲ್ಲಿ ಬಿಡಬೇಕೆಂಬ ಬುದ್ಧಿಯನ್ನು ಮಾತ್ರ ಕೆಲವರಿಗೆ ತಡವಾಗಿ ಕೊಡುತ್ತಾನೆ.

"ಸಾವಕಾರ, ನನ್ ಮಾತ್ ಕೇಳ್ರಿ," ಖಾಸಿಂ ಅಲಿ ಕೈಮುಗಿದ. "ನಿಮ್ಮೂರ ಕಡಿ ಎರಿ ಮಣ್ಣು. ಮಿರಗ ಮಳಿ ಬೇರೆ ಬಿದ್ದದ. ದಪ್ಪ ಹಲ್ಲಿನ ಪಲ್ಟನ್ ಟೈರು ನಾಕೂ ಬೇಕು. ಇಲ್ಲಿ ನಾಕೇ ಅವ. ಎರಡಕ್ಕ ಪ್ಯಾಚ್ ಅದ ಅಂತ ನೀವು ಬ್ಯಾಡ ಅಂದ್ರ ಉಳಿದದ್ದು ಎರಡು."

"ಎರಡು ಸಾಕು. ಉಳಿದ ಎರಡು ಆ ನುಣ್ಣಗಿನವು ಕೊಡ್ರಿ. ನೋಡಾಕ ಒಂದೇ ತಾಯಿ ಮಕ್ಕಳಂಗ ಅವ. ಜೋಡಿ ಅಂದ್ರ ಹಂಗಿರಬೇಕು."

"ಛಲೋ. ಹಲ್ಲಿನವು ಹಿಂದ ಹಾಕ್ತೀನಿ."

"ಹಿಂದ ಯಾಕ? ಮುಂದ ಹಾಕು."

ಖಾಸಿಂ ಅಲಿ ಗೋದಾಮಿನ ಮಾಡಿನ ಕಡೆ ನೋಡಿ ಒಮ್ಮೆ ಅಲ್ಲಾಹನ ಹೆಸರು ಹೇಳಿದ. "ಎಂಜಿನ್ ತಿರುಗಿಸೋದು ಹಿಂದಿನ ಗಾಲಿ ಅಷ್ಟೇ ಅದಾವ್ರಿ. ಮುಂದಿನವು ಸುಮ್ಮನ ಉರುಳ್ತಾವ."

"ಎಳಿಯೋದು ಮುಂದಿನವೋ ಹಿಂದಿನವೋ? ನಾಕೆತ್ತಿನ ಬಂಡಿ ಕಟ್ಟಿದ್ರ ಗಟ್ಟಿ ಜೋಡಿ ಎಲ್ಲಿ ಕಟ್ತಾರ? ಹಿಂದ ಕಟ್ಟಿದ್ದು ಎಲ್ಲ್ಯಾರ ನೋಡೀಯೇನು? ಇಸ್ಮಾಯಿಲ ಭಾಯಿ, ನೀವೇ ಹೇಳ್ರಿ."

ಇಸ್ಮಾಯಿಲನಿಗೆ ಊಟದ ಹೊತ್ತು ಮೀರಿತ್ತು. "ಗಾಡಿ ಅವರದು, ಖಾಸಿಂ. ಹಾಕಿ ಕೊಟ್ಟುಬಿಡೋ" ಅಂದು ಒಳಗೆ ಹೋದ.

ಹವಾ ತುಂಬುವಾಗ ಇನ್ನೊಂದು ಜಗಳ. ಹಿಂದೆ ಬಿತ್ತನೆ ಬೀಜದ ಚೀಲಗಳ ಭಾರ ಬೀಳುವುದರಿಂದ ಹಿಂದಿನ ಟೈರಿಗೆ ಐವತ್ತು ಪೌಂಡ್, ಮುಂದಿನದಕ್ಕೆ ಮೂವತ್ತೈದು ಸಾಕು ಎಂದು ಖಾಸಿಂ ಅಲಿ ಪಂಪು ಹಚ್ಚಿದ್ದ.

"ಒಂದೇ ಗ್ವಾದಲಿಗೆ ಕಟ್ಟಿದವ," ಹಾವಗೆಪ್ಪನಿಗೆ ನಿಜವಾಗಿಯೂ ನೋವಾಗಿತ್ತು, "ಎರಡಕ್ಕ ಹೆಚ್ಚು, ಎರಡಕ್ಕ ಕಡಿಮಿ. ಪಂಕ್ತಿಭೇದ ಮಾಡಬಾರದಪಾ."

"ಪಂಕ್ತಿ ಇಲ್ಲ, ಭೇದ ಇಲ್ಲ, ಇದು ರಬ್ಬರ್ ಅದ ರಬ್ಬರ್!"

ಆ ಕೂಗಿಗೆ ಗಲ್ಲಿಯ ಕಡೆಯ ಒಂದು ಮನೆಯ ಪರದೆ ಸರಿಯಿತು. ಅಲ್ಲಿಂದ ಬುರ್ಖಾ ತೊಟ್ಟ ಮುದುಕಿಯೊಬ್ಬಳು ಹೊರಗೆ ಬಂದಳು, ಹಿಂದೆ ಒಬ್ಬ ಹುಡುಗನ ತಲೆಯ ಮೇಲೆ ಅವಳ ಟ್ರಂಕು.

ಅವಳು ಅಜೀಜಾ ಬೇಗಂ. ಹಾವಗೆಪ್ಪನ ವಾಡಿಯ ಬಳೆಗಾರ್ತಿ, ಅವನ ಗೋಡೆಗೆ ಗೋಡೆ ಹಚ್ಚಿದ ಮನೆಯವಳು. ಹಾವಗೆಪ್ಪನ ತಾಯಿಗೂ ಹೆಂಡತಿಗೂ ಅವಳೇ ಬಳೆ ಇಡಿಸಿದವಳು. ಆ್ಯಕ್ಷನ್ನಿನ ಕೆಟ್ಟ ದಿನಗಳಲ್ಲಿ ಜೀವಭಯದಿಂದ ಊರು ಬಿಟ್ಟು ಬೀದರಿನ ಈ ಗಲ್ಲಿಯ ತಂಗಿಯ ಮನೆ ಸೇರಿದ್ದಳು. ಹೋಗು ಎಂದು ಊರಲ್ಲಿ ಯಾರೂ ಅಂದಿರಲಿಲ್ಲ. ಇರು ಎಂದೂ ಯಾರೂ ಅಂದಿರಲಿಲ್ಲ. ಆ ಎರಡನೆಯದು ಅವಳ ಎದೆಯಲ್ಲಿ ಕೂತಿತ್ತು. ಈಗ ಹೈದರಾಬಾದಿನಲ್ಲಿದ್ದ ಮಗ ಗೌಸೋದ್ದೀನ ತನ್ನ ಹತ್ತಿರ ಬಂದುಬಿಡು ಎಂದು ಹೇಳಿಕಳಿಸುತ್ತಿದ್ದ. ಹಾವಗೆಪ್ಪ ಮೂರು ಸಲ ಬಂದು ಅಂಗಳದಲ್ಲಿ ಕೂತು ಕರೆದ ಮೇಲೆ ಅವಳು ಹೂಂ ಅಂದಿದ್ದಳು. ಆದರೆ ಒಂದು ಕರಾರು ಹಾಕಿದ್ದಳು: "ಒಂದೇ ಸರ್ತಿ ಬರ್ತೇನಿ, ಹಾವಗ್ಯಾ. ದಾರಿಯಾಗ ಗಾಡಿ ಹಿಂದಕ್ಕ ತಿರುಗಿತು ಅಂದ್ರ ನಾ ಸೀದಾ ಮಗನ ಮನಿಗೆ. ಮತ್ತ ಕರ್ಯಾಕ ಬರಬ್ಯಾಡ."

"ಆಯ್ತೇನು ನಿಮ್ದು?" ಅವಳು ಕೇಳಿದಳು.

"ಆಯ್ತು ಖಾಲಾ," ಅಂದ ಹಾವಗೆಪ್ಪ. "ಖಾಸಿಂ ಭಾಯಿ, ನಿನಗ ತಿಳಿದಷ್ಟು ಹವಾ ಹಾಕು. ಜಲ್ದಿ ನಡಿ."

ಹೀಗೆ ಹವಾದಲ್ಲಿ ಖಾಸಿಂ ಅಲಿ ಗೆದ್ದ. ಟೈರಿನಲ್ಲಿ ಸೋತಿದ್ದ.

ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲಿನ ದಾರಿ ಗಟ್ಟಿಯಾಗಿತ್ತು. ಗಾಡಿ ನೆಟ್ಟಗೆ ಓಡಿತು. ಬಾಗಿಲ ಕಡೆ ಅಜೀಜಾ ಬೇಗಂ, ನಡುವೆ ಹಾವಗೆಪ್ಪ.

"ನೋಡಿದ್ಯಾ, ಮುಂದಿನ ಜೋಡಿ ಹ್ಯಾಂಗ ಎಳಿಲತ್ತದ!" ಅಂದ ಹಾವಗೆಪ್ಪ.

ಖಾಸಿಂ ಅಲಿ ಹಲ್ಲು ಕಚ್ಚಿಕೊಂಡು ಗೇರು ಬದಲಿಸಿದ.

ಔರಾದ ದಾಟಿದ ಮೇಲೆ ನೆಲದ ಬಣ್ಣ ಬದಲಾಯಿತು. ಎರೆಮಣ್ಣು ಮಳೆ ಕುಡಿದು ಕಾಡಿಗೆಯ ಹಾಗೆ ಮಿನುಗುತ್ತಿತ್ತು. ಒಂದು ಬೇವಿನ ಮರದ ಕೆಳಗೆ ಖಾಸಿಂ ಅಲಿ ಗಾಡಿ ನಿಲ್ಲಿಸಿ ಇಳಿದ. ನಾಲ್ಕೂ ಟೈರಿನ ಬಾಯಿ ಒತ್ತಿ ಹವಾ ಬಿಟ್ಟ. ಟೈರುಗಳು ಸುಯ್ಯೆಂದು ಉಸಿರುಬಿಟ್ಟು ನೆಲಕ್ಕೆ ಅಗಲವಾಗಿ ಕೂತವು.

"ಕಲ್ಲಿನ ದಾರಿಗೆ ಬಿಗಿ, ಕೆಸರಿಗೆ ಸಡಿಲು," ಅಂದ. "ಒಂಟೆ ಪಾದ ನೋಡಿರಲ್ಲ? ಅಗಲ ಇದ್ರ ಹೂಳಂಗಿಲ್ಲ. ಈಗ ಯಾರೂ ಏನೂ ಮುಟ್ಟಬ್ಯಾಡ್ರಿ. ನಾ ಹಳ್ಳ ನೋಡ್ಕೊಂಡು, ನಮಾಜ್ ಮುಗಿಸಿ ಬರ್ತೇನಿ."

ಅವನು ಹೋದ. ಹಾವಗೆಪ್ಪ ಗಾಡಿಯ ಸುತ್ತ ಸುಳಿದಾಡಿದ. ಕಣ್ಣು ಮತ್ತೆ ಮತ್ತೆ ಆ ಹಿಂದಿನ ಟೈರುಗಳ ಮೇಲೆ ಹೋಗುತ್ತಿತ್ತು. ಮೇಲೆ ಬೀಜದ ಚೀಲಗಳ ಭಾರ, ಕೆಳಗೆ ಬಾಡಿದ ಹೊಟ್ಟೆ. ಬೀದರಿನಿಂದ ದುಡಿದುಕೊಂಡು ಬಂದ ಜೀವಗಳು. ಮನೆಯಲ್ಲಿ ಎತ್ತಿಗೆ ಮೇವು ಬೀಳದೆ ತಾನು ತಾಟಿನ ಮುಂದೆ ಕೂತವನಲ್ಲ. ಅವನು ಹಿಂದಿನ ಪೆಟ್ಟಿಗೆಯಿಂದ ಕೈಪಂಪು ತೆಗೆದ.

"ಏನ್ ಮಾಡ್ಲತ್ತೀಯೋ?" ಅಜೀಜಾ ಬೇಗಂ ಕಿಟಕಿಯಿಂದ ಕೇಳಿದಳು.

"ಹಸದಾವ ಖಾಲಾ. ಮುಂದ ಏರು ಬ್ಯಾರೆ ಅದ."

"ಆಂವ ಮುಟ್ಟಬ್ಯಾಡ ಅಂದಾನ."

"ಆಂವ ಡ್ರೈವರ್. ಜೀವ ಸಾಕಿದಾಂವಲ್ಲ."

ಹಾವಗೆಪ್ಪ ಬೆವರು ಸುರಿಸಿ, ಬಾಯಲ್ಲಿ ಶಿವನಾಮ ಹೇಳುತ್ತ, ನಾಲ್ಕಕ್ಕೂ ಸಮನಾಗಿ, ಟೈರು ಕಲ್ಲಾಗುವ ತನಕ ಹವಾ ಹೊಡೆದ. ಪಂಕ್ತಿಭೇದದ ಪಾಪವೂ ಕಳೆಯಿತು ಎಂದು ಅವನಿಗೆ ಸಮಾಧಾನವಾಯಿತು.

ಖಾಸಿಂ ಅಲಿ ಓಡುತ್ತ ಬಂದ. ಪಡುವಣದಲ್ಲಿ ಮೋಡ ಕಟ್ಟಿತ್ತು. ಟೈರು ನೋಡುವಷ್ಟು ಪುರಸೊತ್ತು ಅವನಿಗಿರಲಿಲ್ಲ. ಗಾಡಿ ಹಳ್ಳಕ್ಕೆ ಇಳಿಯಿತು, ಹಳ್ಳದೊಳಗಿನ ಕಲ್ಲುಹಾಸನ್ನು ದಾಟಿತು, ಆಚೆ ದಂಡೆಯ ಏರಿಗೆ ಮೂಗು ಎತ್ತಿತು. ಅಲ್ಲಿಗೆ ನಿಂತಿತು. ಹಿಂದಿನ ನುಣ್ಣನೆಯ ಜೋಡಿ ಇದ್ದಲ್ಲಿಯೇ ಗಿರಗಿರ ತಿರುಗಿ, ಕೆಸರನ್ನು ಆಕಾಶಕ್ಕೆ ಎರಚಿ, ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿತು. ದಪ್ಪ ಹಲ್ಲಿನ ಮುಂದಿನ ಜೋಡಿ ಮದುವೆಗೆ ಬಂದ ಬೀಗರ ಹಾಗೆ ಏನೂ ಮಾಡದೆ ನಿಂತಿತ್ತು.

ಖಾಸಿಂ ಅಲಿ ಇಳಿದು ಹಿಂದಿನ ಟೈರಿಗೆ ಕಾಲಿನಿಂದ ಒದ್ದ. ಕಾಲಿಗೇ ನೋವಾಯಿತು.

"ಇದಕ್ಕ ಹವಾ ಹಾಕಿದಾಂವ ಯಾಂವ?"

ಹಾವಗೆಪ್ಪ ಕೆಮ್ಮಿದ.

"ಸಾವಕಾರ! ಮುಟ್ಟಬ್ಯಾಡ ಅಂದಿದ್ನೋ ಇಲ್ಲೋ?"

"ಬಾಡಿದ್ದವಪಾ..."

"ಬಾಡಿದ್ದವ! ಉಪವಾಸ ಇದ್ದವ! ಒಂದ್ ರೊಟ್ಟಿನೂ ತಿನ್ನಿಸಬೇಕಿತ್ತಲ್ಲ, ಪುಂಡಿಪಲ್ಯಾ ಹಚ್ಚಿ!" ಖಾಸಿಂ ಅಲಿ ತಲೆಯ ರುಮಾಲು ತೆಗೆದು ನೆಲಕ್ಕೆ ಬಡಿದ. ಅದಕ್ಕೂ ಕೆಸರಾಯಿತು. ಅದಕ್ಕಾಗಿ ಇನ್ನಷ್ಟು ಸಿಟ್ಟು ಬಂತು. "ಈಗ ಕೇಳ್ರಿ. ದಾರಿ ಒಂದೇ ಅದ. ಹವಾ ಬಿಟ್ಟು ಗಾಡಿ ಹಿಂದಕ್ಕ ಇಳಿಸ್ತೀನಿ, ಹಳ್ಳದಾಗಿನ ಕಲ್ಲಿನ ಮ್ಯಾಲ. ಅಲ್ಲಿ ಜಾಕ್ ನಿಲ್ತದ. ಹಲ್ಲಿನ ಜೋಡಿ ಹಿಂದ ಹಾಕ್ತೀನಿ, ಮತ್ತ ಏರ್ತೀನಿ."

'ಹಿಂದಕ್ಕ' ಎಂಬ ಮಾತು ಕೇಳಿದ್ದೇ ಹಾವಗೆಪ್ಪ ತಟ್ಟನೆ ತಿರುಗಿದ. ಅವನು ಗೂಡಿನ ಕಡೆ ನೋಡಿದ. ಅಜೀಜಾ ಬೇಗಂ ಕಿಟಕಿಯಲ್ಲಿ ಮುಖ ಇಟ್ಟುಕೊಂಡು ಎಲ್ಲ ಕೇಳುತ್ತಿದ್ದಳು. ಅವನು ಕೆಸರು ತುಳಿಯುತ್ತ ಹೋಗಿ ಗಾಡಿಯ ಹಿಂದೆ, ಎರಡೂ ಕೈ ಚಾಚಿ ನಿಂತ.

"ಗಾಡಿ ಹಿಂದಕ್ಕ ಹೋಗಂಗಿಲ್ಲ."

"ಹಿಂದಕ್ಕ ಹೋಗದ ಮುಂದಕ್ಕ ಹೋಗಂಗಿಲ್ರಿ!"

"ಒಂದ್ ಮಾರು ಸೈತ ಹೋಗಂಗಿಲ್ಲ. ಹೋಗ್ತೀ ಅಂದ್ರ ನನ್ ಮ್ಯಾಲ ಹಾಯಿಸು."

"ಮಳಿ ಬರ್ಲತ್ತದ, ಹಳ್ಳ ಬಂದ್ರ ಗಾಡೀನೂ ಇಲ್ಲ, ಬೀಜಾನೂ ಇಲ್ಲ. ಸರೀರಿ, ಕೈ ಮುಗೀತೀನಿ!"

"ನಾ ಖಾಲಾಗ ಮಾತ್ ಕೊಟ್ಟೀನಿ."

"ನಾ ಎಷ್ಟ್ ಮಾತ್ ಹೇಳಿದ್ನಿ ಬೆಳಗಿನಿಂದ! ಒಂದಕ್ಕರ ಕಿಮ್ಮತ್ತು ಕೊಟ್ಟೀರೇನು?"

ಒಬ್ಬ ಮುಂದೆ ನಿಂತು ಕೂಗಿದ, ಒಬ್ಬ ಹಿಂದೆ ನಿಂತು ಕೂಗಿದ. ಭಾಲ್ಕಿಯ ಸಂತೆ ಬಂತು, ನಾಲ್ಕೆತ್ತಿನ ಬಂಡಿ ಬಂತು, ಸುಳಿ ಬಂತು, ಒಂಟೆಯ ಪಾದ ಬಂತು. ಗಾಡಿ ಮಾತ್ರ ಎಲ್ಲಿಗೂ ಬರಲಿಲ್ಲ. ಮೊದಲ ಹನಿಗಳು ಬಿದ್ದವು.

ಗೂಡಿನ ಬಾಗಿಲು ತೆರೆಯಿತು. ಅಜೀಜಾ ಬೇಗಂ ಬುರ್ಖಾ ಮೇಲೆತ್ತಿ ಹಿಡಿದು, ಚಪ್ಪಲಿ ಕೈಯಲ್ಲಿ ತೆಗೆದುಕೊಂಡು ಕೆಸರಿಗೆ ಇಳಿದಳು. ಹಾವಗೆಪ್ಪ ಚಾಚಿದ ಕೈ ಇಳಿಸದೆಯೇ ಕೂಗಿದ.

"ಖಾಲಾ, ಇಳೀಬ್ಯಾಡ. ಗಾಡಿ ಹಿಂದಕ್ಕ ಹೋಗಂಗಿಲ್ಲ. ಶಿವನಾಣಿ."

"ಬಾಯಿ ಮುಚ್ಚೋ," ಅಂದಳು ಅವಳು. ಹದಿನೆಂಟು ಹಳ್ಳಿಯ ಹೆಂಗಸರಿಗೆ ಬಳೆ ಇಡಿಸುವಾಗ ಕೈ ಸಡಿಲ ಬಿಡು ಎಂದು ಗದರಿದ ದನಿ ಅದು. "ಬೀದರದಾಗಿಂದ ಕೇಳ್ಲತ್ತೀನಿ. ಮುಂದಿಂದು, ಹಿಂದಿಂದು. ಹೆಚ್ಚು, ಕಡಿಮಿ. ತಲಿ ಚಿಟ್ಟ ಹಿಡೀತು. ಆಂವ ಹೇಳಿದ್ದು ಮಾಡಾಕ ಬಿಡು."

"ಆದ್ರ ನೀ ಅಂದಿದ್ದಿ, ಗಾಡಿ ಹಿಂದಕ್ಕ ತಿರುಗಿದ್ರ..."

"ಅಂದಿದ್ದೆ. ನೀ ಅರ್ಧ ದಾರಿಗೆ ಅಂಜಿ ತಿರುಗ್ತೀ ಅಂತ ಅಂದಿದ್ದೆ. ಈಗ ಕೆಸರಾಗ ಎಮ್ಮಿಯಂಗ ನಿಂತು ಸಾಯ್ತೀನಿ ಅನ್ಲತ್ತೀ. ಅಷ್ಟು ಸಾಕು." ಅವಳ ದನಿ ಸ್ವಲ್ಪ ಇಳಿಯಿತು. "ಅವತ್ತು ಒಬ್ಬಾಂವ ಹಿಂಗ ನಿಂತಿದ್ರ ನಾ ಹೋಗ್ತಿದ್ದಿಲ್ಲ."

ಹಾವಗೆಪ್ಪ ತಲೆ ತಗ್ಗಿಸಿದ. ಚಾಚಿದ್ದ ಕೈಗಳನ್ನು ಇಳಿಸಿದ.

"ಗಾಡಿ ಹಿಂದಕ್ಕ ಹೋಗ್ಲಿ," ಅಂದಳು ಅವಳು, "ನಾ ಯಾಕ ಹೋಗಲಿ?"

ಅಷ್ಟು ಹೇಳಿ ಏರು ಹತ್ತಿ ವಾಡಿಯ ದಾರಿ ಹಿಡಿದಳು. ನೆನೆದ ಎರೆಮಣ್ಣು ಪಾದಕ್ಕೆ ಮೆತ್ತಿ ಹೆಜ್ಜೆಹೆಜ್ಜೆಗೂ ಭಾರವಾಗುತ್ತಿತ್ತು. ಅವಳು ಆಗಾಗ ನಿಂತು, ಬದುವಿನ ಕಲ್ಲಿಗೆ ಕಾಲು ತಿಕ್ಕಿ, ಯಾರನ್ನೋ ಬೈದುಕೊಂಡು ಮತ್ತೆ ನಡೆಯುತ್ತಿದ್ದಳು.

ಹಾವಗೆಪ್ಪ ಗಾಡಿಯ ಹಿಂದಿನಿಂದ ಸರಿದ. ಆಮೇಲೆ ಹೇಳಿದ್ದನ್ನೆಲ್ಲ ಮಾಡಿದ. ಹವಾ ಬಿಡು ಅಂದರೆ ಬಿಟ್ಟ, ನೂಕು ಅಂದರೆ ನೂಕಿದ, ಜಾಕ್ ಹಿಡಿ ಅಂದರೆ ಹಿಡಿದ. ಖಾಸಿಂ ಅಲಿಗೆ ಇದೂ ಸಹಿಸದಾಯಿತು. "ಇಷ್ಟು ಶಾಣ್ಯಾತನ ಮುಂಜಾನಿ ಎಲ್ಲಿ ಇಟ್ಟಿದ್ರಿ?" ಎಂದು ನಟ್ಟು ಬಿಗಿಯುತ್ತ ಗೊಣಗಿದ. ಹಲ್ಲಿನ ಜೋಡಿ ಹಿಂದೆ ಹೋಯಿತು. ಹವಾ ಇಪ್ಪತ್ತೈದು ಪೌಂಡಿಗೆ ಇಳಿಯಿತು. ಗಾಡಿ ಒಮ್ಮೆ ನಡುಗಿ, ಎರೆಮಣ್ಣನ್ನು ಕಚ್ಚಿ ಹಿಡಿದು, ದಂಡೆ ಏರಿತು.

"ಹಿಂದಿನ ಜೋಡಿನೇ ನೂಕ್ತದಲ್ಲೋ!" ಅಂದ ಹಾವಗೆಪ್ಪ, ಬೆರಗಾಗಿ.

ಖಾಸಿಂ ಅಲಿ ಹಣೆಯನ್ನು ಸ್ಟಿಯರಿಂಗಿಗೆ ಮೆಲ್ಲಗೆ ಬಡಿದುಕೊಂಡ.

ಅವರು ಅಜೀಜಾ ಬೇಗಂಳನ್ನು ಸಮೀಪಿಸುವಷ್ಟರಲ್ಲಿ ಅವಳು ಊರ ಹೊಲಗಳ ನಡುವೆ ಇದ್ದಳು. ಮಳೆ ಸಣ್ಣಗೆ ಸುರಿಯುತ್ತಿತ್ತು.

"ಖಾಲಾ, ಹತ್ತು!" ಹಾವಗೆಪ್ಪ ಗೂಡಿನಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದ. "ಟೈರು ಬದಲ್ ಮಾಡೀವಿ!"

"ಟೈರಿನ ಹೆಸರು ತಗೀಬ್ಯಾಡ ನನ್ ಮುಂದ."

"ನೆನೀಲತ್ತೀ..."

"ನೆನೀತೀನಿ. ಸುಮ್ಮನ ಬಾ."

ದಾರಿ ಕಿರಿದು, ಅವಳು ನಡುವೆ ನಡೆಯುತ್ತಿದ್ದಳು. ಗಾಡಿ ಅವಳ ಹಿಂದೆ ಮೊದಲ ಗೇರಿನಲ್ಲಿ ಗೊರಗುಟ್ಟುತ್ತ ಬಂತು.

"ಹಾರ್ನ್ ಹೊಡೀಲೇನ್ರಿ?" ಖಾಸಿಂ ಅಲಿ ಕೇಳಿದ.

"ನಿನಗ ಪ್ರಾಣದ ಆಸಿ ಇಲ್ಲೇನು?" ಅಂದ ಹಾವಗೆಪ್ಪ.

ಊರಿನ ಅಗಸಿಬಾಗಿಲು ಬಂತು. ಅಲ್ಲಿ ಮಲಗಿದ್ದ ನಾಯಿ ಎದ್ದು ಬೊಗಳಿತು. ಅಜೀಜಾ ಬೇಗಂ ಕೈಯಲ್ಲಿದ್ದ ಚಪ್ಪಲಿ ಎತ್ತಿ ತೋರಿಸಿ, "ಏ, ನನಗೇ ಬೊಗಳ್ತೀಯೇನ? ಸರಿ ಅತ್ಲಾಗ!" ಎಂದು ಗದರಿ, ಅಗಸಿ ದಾಟಿ ಒಳಗೆ ನಡೆದಳು.