‘ಣ’ ಅಕ್ಷರದ ಕೂಸು

ರಾಯದುರ್ಗದ ಹೊನ್ನೂರಪ್ಪನ ಮೊಮ್ಮಗಳಿಗೆ ಜೋಯಿಸರು ನಕ್ಷತ್ರ ನೋಡಿ ‘ಣ’ ಅಕ್ಷರ ಕೊಟ್ಟರು. ಹೆಸರು ಅದರಿಂದಲೇ ಶುರುವಾಗಬೇಕೆಂದು ಹೊನ್ನೂರಪ್ಪ ಪಟ್ಟು ಹಿಡಿದ. ಸೊಸೆ ಮೌನಿಕಾಗೆ ತೀರಿಹೋದ ತನ್ನ ತಾಯಿ ಈರಮ್ಮನ ಹೆಸರಿಡುವ ಆಸೆ. ಹೆತ್ತವಳನ್ನು ಕೇಳುವವರಾರು?

ನಾಮಕರಣದ ದಿನ ತೊಟ್ಟಿಲ ಸುತ್ತ ಕೂತ ನೆಂಟರು ‘ಣಮ್ಮ’, ‘ಣಕ್ಕ’ ಎಂದು ತಿಣುಕಿದರು.

“ಗಂಟಲಾಗ ಶೇಂಗಾ ಸಿಕ್ಕಂಗ ಆಗತೈತಲ್ಲಪ್ಪಾ,” ಎಂದಳು ಹೊನ್ನೂರಪ್ಪನ ಮಗಳು ಚಿನ್ನಕ್ಕ. “ಈ ಅಕ್ಷರ ಹಣದಾಗ ಹಿಂದ, ಹೆಣದಾಗ ಹಿಂದ, ಹೆಣ್ಣಿನಾಗ ಸೈತ ಹಿಂದ. ಯಾವತ್ತೂ ಮುಂದ ಕುಂತಿದ್ದಲ್ಲ. ಈಗ ಕುಂದ್ರು ಅಂದ್ರ ಅದೇನು ಎಮ್ಮೆಲ್ಯೇನಾ?”

“ಸುಮ್ಕಿರು! ಶಾಸ್ತ್ರ ಅಂದ್ರ ಶಾಸ್ತ್ರ,” ಎಂದು ಅಪ್ಪ ಗದರಿದ.

“ಹೌದ್ರಿ ಯಜಮಾನ್ರೇ, ಶಾಸ್ತ್ರಾನ ಮಾಡಾನು,” ಎಂದು ಚಿನ್ನಕ್ಕ ಎದ್ದಳು. ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಒಮ್ಮೆ ಹೇಳಿದ್ದನ್ನು ಯಾರೂ ಬದಲಿಸುವಂತಿಲ್ಲ. ಅವಳು ತೊಟ್ಟಿಲಿಗೆ ಬಗ್ಗಿ, ಪಿಸುಗುಟ್ಟಬೇಕಾದ್ದನ್ನು ಬೀದಿಗೆಲ್ಲ ಕೇಳುವಂತೆ, “ಈರಮ್ಮಾ!” ಎಂದು ಕೂಗಿಯೇಬಿಟ್ಟಳು.

ಮೌನಿಕಾ ಕೂಸನ್ನು ಬಾಚಿ ಎದೆಗೊತ್ತಿಕೊಂಡಳು.

“ಮತ್ತ ಆ ಅಕ್ಷರದ ಗತಿ ಏನಲೇ?” ಎಂದು ಹೊನ್ನೂರಪ್ಪ ಬಾಯಿ ಬಿಟ್ಟ.

“ನೀನ ಇಟ್ಕೋಳಪ್ಪಾ, ಯಾರೂ ಕಸ್ಕೊಳ್ಳಾಂಗಿಲ್ಲ.”