ಮೀನು ತಿನ್ನದ ಹುಡುಗಿ

ನೆತ್ಸಾಯಿ ಬಿಸಿ ಮುದ್ದೆಯನ್ನು ತಟ್ಟೆಗಳಿಗೆ ಹಾಕಿ, ಒಣಮೀನಿನ ಸಾರಿನ ಗಡಿಗೆಯನ್ನು ಒಲೆಯ ಪಕ್ಕದಿಂದ ಎಳೆದುಕೊಂಡಳು. ಟೊಮೇಟೊ, ಈರುಳ್ಳಿಯ ಜೊತೆ ಕುದಿದ ಸಣ್ಣಮೀನಿನ ವಾಸನೆ ದುಂಡನೆಯ ಅಡುಗೆಮನೆಯನ್ನೆಲ್ಲ ತುಂಬಿಕೊಂಡಿತ್ತು. ಉಪ್ಪು ಕೇಳಲು ಬಂದ ಪಕ್ಕದ ಮನೆಯ ಮಾಯಿ ಗಾಮು ಉಪ್ಪನ್ನು ಮರೆತು ಚಾಪೆಯ ಮೇಲೆ ಕೂತೇಬಿಟ್ಟಿದ್ದಳು. ಸೌಟು ತನ್ನ ಕಡೆ ಬಂದದ್ದೇ ಮನೆಗೆ ಹೊಸದಾಗಿ ಬಂದಿದ್ದ ಹುಡುಗಿ ಶುವಾಯಿ ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದಳು. ಮೀನು ಬೇಡವಂತೆ. ಯಾಕೆಂದು ಕೇಳಿದರೆ ಗೋಡೆಗೆ ಹೇಳುವಂತೆ ಹೇಳಿದಳು:

“ತಿಂದ್ರೆ ಹಲ್ಲು ಉದುರಿಹೋಗುತ್ತೆ.”

ನೆತ್ಸಾಯಿಯ ಸೌಟು ಅಲ್ಲೇ ನಿಂತಿತು. ಮಾಯಿ ಗಾಮು ಅವಳ ಮೊಣಕಾಲನ್ನು ತಿವಿದು, ಊರವರು ಕರೆಯುವ ಹೆಸರಿನಲ್ಲೇ ಅವಳನ್ನು ಕರೆದಳು.

“ಚಿಹೇರಾ, ಕೇಳಿಸ್ಕೊಂಡ್ಯಾ? ಇದು ಮಡುವಿನ ಮಗು ಕಣೇ. ಇಷ್ಟು ದಿನ ನಾವು ಎಲ್ಲೆಲ್ಲೋ ಹುಡುಕ್ತಾ ಇದ್ವಿ.”

ಆ ಸೀಮೆಯಲ್ಲಿ ಮನುಷ್ಯನೆಂದರೆ ಮೊದಲು ಅವನ ಬೆಡಗು, ಅವನ ಕುಲದ ಗುರುತು. ಸಿಂಹದ ಬೆಡಗಿನವರು, ಹುಲ್ಲೆಯ ಬೆಡಗಿನವರು, ಮಡುವಿನವರು. ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸುವುದು, ಕೊಟ್ಟದ್ದಕ್ಕೆ ಉಪಕಾರ ನೆನೆಯುವುದು, ಹೆಣ್ಣು ಕೇಳುವುದು, ಸತ್ತಾಗ ಮಣ್ಣು ಮಾಡುವುದು, ಎಲ್ಲವೂ ಬೆಡಗು ಹಿಡಿದೇ. ಮಡುವಿನವರು ಮೀನು ಮುಟ್ಟುವುದಿಲ್ಲ. ಮುಟ್ಟಿದರೆ ಹಲ್ಲು ಉದುರುತ್ತದೆ ಎಂಬುದು ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಶುವಾಯಿಗೆ ಮಾತ್ರ ತನ್ನ ಬೆಡಗು ಗೊತ್ತಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಒಬ್ಬ ಹೆಂಗಸಿನ ಮನೆಯಲ್ಲಿದ್ದಳು. ಆ ಹೆಂಗಸು ತನ್ನ ಮಕ್ಕಳನ್ನು ಕಟ್ಟಿಕೊಂಡು ನದಿ ದಾಟಿ ದಕ್ಷಿಣಕ್ಕೆ ಹೋದಾಗ, ಸಂತೆಮಾಳದ ಅಂಗಡಿಗಳ ಹಿಂದೆ ಒಂಟಿಯಾಗಿ ಉಳಿದವಳನ್ನು ಚರ್ಚಿನವರು ಕರೆತಂದರು. ಅಪ್ಪ ಯಾರೋ, ಊರು ಯಾವುದೋ ಯಾರಿಗೂ ತಿಳಿಯದು.

ತಂದೆತಾಯಿ ಇಲ್ಲದ ಮಕ್ಕಳನ್ನು ಹಾಸ್ಟೆಲಿನಲ್ಲಿ ಗುಂಪು ಹಾಕದೆ ಸಭೆಯವರ ಮನೆಗಳಲ್ಲೇ ಬೆಳೆಸಬೇಕೆಂಬುದು ಪಾಸ್ಟರ್ ಮಶಿಂಗೈದ್ಜೆ ಅವರ ಹಟ. ಗುರುವಾರದ ಹೆಂಗಸರ ಕೂಟದಲ್ಲಿ ಅವರು ಕೇಳಿದಾಗ ಮೊದಲು ಎದ್ದು ನಿಂತವಳು ನೆತ್ಸಾಯಿ. ಗಂಡ ತೀರಿಹೋಗಿದ್ದ; ಮಕ್ಕಳಾಗಿರಲಿಲ್ಲ. ಓರಗೆಯ ಹೆಂಗಸರೆಲ್ಲ ಮಕ್ಕಳ ಹೆಸರಿನಿಂದ ಮಾಯಿ ಗಾಮು, ಅಂದರೆ ಗಾಮುವಿನ ತಾಯಿ, ಮಾಯಿ ಇಂಥವರು ಎಂದಾಗಿದ್ದರೆ, ಅವಳಿನ್ನೂ ತವರಿನ ಹುಲ್ಲೆ ಬೆಡಗಿನ ಹೆಣ್ಣಾಗಿ ಬರೀ ಚಿಹೇರಾ ಆಗಿಯೇ ಉಳಿದಿದ್ದಳು. ಆದರೆ ಪಾಸ್ಟರರದು ಒಂದು ಕಟ್ಟುನಿಟ್ಟು. ಮನೆಯ ಹಿರಿಯರು ತಮ್ಮ ಬಾಯಿಂದ ಒಪ್ಪದ ಹೊರತು ಮಗು ಅಲ್ಲಿ ಕಾಯಂ ಆಗುವಂತಿಲ್ಲ. ಇಲ್ಲಿ ಹಿರಿಯ ಎಂದರೆ ನೆತ್ಸಾಯಿಯ ಗಂಡನ ಅಣ್ಣ ಎನೋಕ್.

ಎನೋಕ್ ಒಪ್ಪಿರಲಿಲ್ಲ. ಅವನೇನು ಕಟುಕನಲ್ಲ. ಹುಡುಗಿ ಬಂದ ವಾರ ಹೊರಗಿನ ಜಗಲಿಯಲ್ಲಿ ಕೂತು, ನೆತ್ಸಾಯಿ ಕೊಟ್ಟ ಚಹಾ ಆರಿಸಿಕೊಳ್ಳುತ್ತ ಸಮಾಧಾನದಿಂದಲೇ ಹೇಳಿದ್ದ. “ನೋಡು ಚಿಹೇರಾ, ನಾನೂ ಭಾನುವಾರ ಚರ್ಚಿಗೆ ಹೋಗೋನೇ. ಆದ್ರೆ ಈ ಮಗು ಹಿಂದೆ ಯಾರಿದ್ದಾರೋ ಯಾರಿಗೆ ಗೊತ್ತು? ಇವಳ ಕಡೆಯೋರು ಯಾರನ್ನಾದ್ರೂ ಕೊಂದಿದ್ರೆ, ಆ ಸತ್ತೋನು ಲೆಕ್ಕ ಕೇಳ್ಕೊಂಡು ನಮ್ಮ ಅಂಗಳಕ್ಕೆ ಬರ್ತಾನೆ. ನನಗೆ ಮೊಮ್ಮಕ್ಕಳಿದ್ದಾವೆ. ನಾಳೆ ಇವಳನ್ನ ಕೇಳ್ಕೊಂಡು ಗಂಡು ಬಂದ್ರೆ ತೆರದ ದನ ಯಾರು ಕಟ್ಕೋಬೇಕು? ಅವನೇ ಇವಳ ಅಣ್ಣ ಅಲ್ಲ ಅಂತ ಯಾರು ಹೇಳ್ಬೇಕು?” ನೆತ್ಸಾಯಿ, ಮಗುವಿಗೆ ಮದುವೆಗಿಂತ ಮೊದಲು ಊಟ ಬೇಕು ಭಾವ, ಎಂದಿದ್ದಳು. ಕೊಯ್ಲು ಮುಗಿಯಲಿ, ಪಾಸ್ಟರ್ ಬಂದಾಗ ಹೇಳುತ್ತೇನೆ ಎಂದು ಅವನು ಎದ್ದುಹೋಗಿದ್ದ. ಅವನು ಬೇಡವೆಂದರೆ ಶುವಾಯಿ ಪಟ್ಟಣದ ಇನ್ಯಾವುದೋ ಮನೆಗೆ ಹೋಗಬೇಕು.

ಅಂದಿನಿಂದ ನೆತ್ಸಾಯಿ ಮಗುವನ್ನು ಗಮನಿಸುತ್ತಲೇ ಇದ್ದಳು. ಪ್ರೀತಿಗೆಂದೇ ಗಮನಿಸುತ್ತಿದ್ದೇನೆ ಎಂದುಕೊಂಡಿದ್ದಳು. ಅದು ಪೂರ್ತಿ ನಿಜವಲ್ಲವೆಂದು ಒಳಗೊಳಗೇ ಗೊತ್ತಿತ್ತು. ನಮಸ್ಕಾರಕ್ಕೆ ಅಂಗೈ ಬೊಗಸೆ ಮಾಡಿ ತಟ್ಟುವಾಗ ಯಾವ ಕೈ ಮೇಲಿಡುತ್ತಾಳೆ, ಕುಂಬಳದ ಸೊಪ್ಪಿನ ನಾರು ಹೇಗೆ ತೆಗೆಯುತ್ತಾಳೆ, ನಿದ್ದೆಗಣ್ಣಲ್ಲಿ ಯಾವ ಸೀಮೆಯ ಮಾತು ಬಾಯಿಗೆ ಬರುತ್ತದೆ? ಊರಿಗೂ ಅದೇ ಕುತೂಹಲ. ಬಾವಿಕಟ್ಟೆಯಲ್ಲಿ ಒಬ್ಬಳು ಹುಡುಗಿಯ ಉದ್ದ ಕತ್ತು ನೋಡಿ ಜೀಬ್ರಾದವರ ಕಡೆಯವಳೆಂದಳು. ಇನ್ನೊಬ್ಬಳು ಅವಳ ಮೊಂಡುತನ ನೋಡಿ ಗೂಳಿಯವರೇ ಸರಿ ಎಂದಳು. ಹಂಗಾದ್ರೆ ನಿನ್ನ ಗಂಡ ಯಾವ ಪ್ರಾಣಿಯವನು ಅಂತ ನನಗೀಗ ಗೊತ್ತಾಯ್ತು ಎಂದು ಮಾಯಿ ಗಾಮು ಹೇಳಿ ಎಲ್ಲರನ್ನೂ ನಗಿಸಿದ್ದಳು.

ಮೀನಿನ ಸುದ್ದಿ ಸಂಜೆಯೊಳಗೆ ಊರು ಮುಟ್ಟಿತು. ಮರುದಿನ ಎನೋಕ್ ತಾನಾಗಿಯೇ ಬಂದ. ಅಂಗಳದಲ್ಲಿ ಜೋಳ ಬಿಡಿಸುತ್ತಿದ್ದ ಶುವಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಹಿರಿಯರ ಮುಂದೆ ತಟ್ಟುವ ಹಾಗೆ ಗಂಭೀರವಾಗಿ ಚಪ್ಪಾಳೆ ತಟ್ಟಿದ. “ಮಡುವಿನ ತಾಯೀ, ಚೆನ್ನಾಗಿದ್ದೀಯಾ?” ಎಂದ. ಅವನ ತಾಯಿ ಮಡುವಿನವರ ಮನೆಯ ಹೆಣ್ಣು. ಆ ಲೆಕ್ಕದಲ್ಲಿ ಈ ಮುಷ್ಟಿಯಷ್ಟು ಹುಡುಗಿ ಅವನಿಗೆ ತಾಯಿಯ ಸಮ. ಶುವಾಯಿ ಬೆರಗಾಗಿ ನೋಡಿ, ಆಮೇಲೆ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ನಕ್ಕದ್ದನ್ನು ನೆತ್ಸಾಯಿ ನೋಡಿದ್ದು ಅದೇ ಮೊದಲು. ಆಮೇಲಿನ ದಿನಗಳಲ್ಲಿ ಅವನು ದನ ಅಟ್ಟಿಕೊಂಡು ಹೋಗುವಾಗ ಬೇಲಿಯಾಚೆಯಿಂದ ಅಮ್ಮಾ, ಹೊಟ್ಟೆ ಹಸೀತಾ ಇದೆ, ಏನಾದ್ರೂ ಕೊಡು ಎಂದು ಕೂಗುವನು. ಹುಡುಗಿ ಓಡಿಹೋಗಿ ಕೈಗೆ ಕಡಲೆಕಾಯಿ ಸುರಿದು ಬರುವಳು. ಪಾಸ್ಟರ್ ಬರುವ ಭಾನುವಾರ ಒಪ್ಪಿಗೆ ಹೇಳುವುದೊಂದು ಬಾಕಿ ಇತ್ತು.

ಆ ಭಾನುವಾರಕ್ಕೆ ಸ್ವಲ್ಪ ಮುಂಚೆ ಒಂದು ಮಧ್ಯಾಹ್ನ ಶುವಾಯಿ ಕಾಣದಾದಳು. ಹುಡುಕಿದರೆ ಕಣಜದ ಹಿಂದೆ, ಬಾಯಿಗೆ ಮುಷ್ಟಿ ಒತ್ತಿ ಕೂತಿದ್ದಳು. ಬಹಳ ಓಲೈಸಿದ ಮೇಲೆ ಮುಷ್ಟಿ ಬಿಚ್ಚಿತು. ಒಳಗೆ ಒಂದು ಪುಟ್ಟ ಹಲ್ಲು.

“ನಾನು ಮೀನು ತಿನ್ನಲಿಲ್ಲಮ್ಮ. ಗಡಿಗೆ ತೊಳೀವಾಗ ಒಂದ್ಸಲ ಬೆರಳು ನೆಕ್ಕಿದೆ ಅಷ್ಟೆ.”

ನೆತ್ಸಾಯಿಗೆ ನಗು ಬಂತು. ಹಾಲುಹಲ್ಲು ಎಲ್ಲ ಮಕ್ಕಳಿಗೂ ಬೀಳುತ್ತದೆಂದು ಹೇಳಿ, ಅವಳನ್ನು ಮಡಿಲಿಗೆಳೆದುಕೊಂಡು, ಈ ಮಾತು ನಿನಗೆ ಯಾರು ಹೇಳಿದ್ದು, ಅಮ್ಮನಾ, ಎಂದು ಕೇಳಿದಳು. ಈ ಪ್ರಶ್ನೆಯನ್ನು ಅವಳು ಅಷ್ಟು ದಿನ ಕೇಳಿರಲೇ ಇಲ್ಲ. ಉತ್ತರ ಸಿಕ್ಕಿಬಿಟ್ಟಿದೆಯೆಂಬ ಸಂತೋಷದಲ್ಲಿ ಯಾರೂ ಕೇಳಿರಲಿಲ್ಲ.

ಅಮ್ಮ ಅಲ್ಲ, ಆ ಮನೆಯ ಹೆಂಗಸು. ಮೀನು ತಿಂದರೆ ಹಲ್ಲು ಉದುರುತ್ತದೆ. ಮೊಟ್ಟೆ ತಿಂದರೆ ಕಣ್ಣು ಹೋಗುತ್ತದೆ. ಹಾಲು ಕುಡಿದರೆ ಮಾತು ನಿಲ್ಲುತ್ತದೆ. ಮಾಂಸ ತಿಂದರೆ ಹೊಟ್ಟೆಯಲ್ಲಿ ಹುಳು ಎದ್ದು ಕರುಳು ಕಡಿಯುತ್ತದೆ. ಹುಡುಗಿ ಪಾಠ ಒಪ್ಪಿಸುವಂತೆ ಒಂದೊಂದನ್ನೇ ಹೇಳಿದಳು.

“ಆ ಮನೆ ಮಕ್ಕಳು ತಿಂತಿದ್ರಾ?”

“ತಿಂತಿದ್ರು. ಅವರಿಗೆ ಏನೂ ಆಗ್ತಿರಲಿಲ್ಲ. ಅವರು ಅವಳ ಮಕ್ಕಳು.”

ನೆತ್ಸಾಯಿ ಹಲ್ಲನ್ನು ಸೊಂಟದ ಬಟ್ಟೆಯ ತುದಿಗೆ ಕಟ್ಟಿಕೊಂಡಳು. ಮಗು ಮೊಟ್ಟೆ ಬಿಟ್ಟದ್ದನ್ನೂ ಅವಳು ಕಂಡಿದ್ದಳು, ಹಾಲಿನ ಲೋಟ ಹಾಗೇ ಉಳಿದದ್ದನ್ನೂ ಕಂಡಿದ್ದಳು. ಆದರೆ ಮೊಟ್ಟೆಯ ಬೆಡಗು ಎಂಬುದು ಯಾವ ಸೀಮೆಯಲ್ಲೂ ಇಲ್ಲ. ಆದ್ದರಿಂದ ಅದು ಯಾರ ಕಣ್ಣಿಗೂ ಸುದ್ದಿಯಾಗಿ ಕಾಣಲಿಲ್ಲ, ಅವಳ ಕಣ್ಣಿಗೂ. ಎಲ್ಲರೂ ಮಗುವಿನ ತಟ್ಟೆಯಲ್ಲಿ ಅದರ ಕುಲ ಹುಡುಕಿದ್ದರು, ಹಸಿವನ್ನು ಯಾರೂ ನೋಡಿರಲಿಲ್ಲ.

ಸಂಜೆ ಮಾಯಿ ಗಾಮುವಿಗೆ ಹೇಳಿದಳು. ಮಾಯಿ ಗಾಮು ಆ ಹೆಂಗಸಿಗೆ ಮನಸಾರೆ ಶಾಪ ಹಾಕಿ, ಆಮೇಲೆ ದನಿ ತಗ್ಗಿಸಿದಳು. “ಈಗ ಬಾಯಿ ಮುಚ್ಕೊಂಡಿರು. ಮೀನು ತಿನ್ನದೆ ಯಾರೂ ಸತ್ತಿಲ್ಲ. ಮುದುಕ ಒಪ್ಪಿದ್ದಾನೆ, ಮಗು ನಿನ್ನ ಹತ್ರ ಉಳೀತದೆ. ಇನ್ನೇನು ಬೇಕು ನಿನಗೆ?”

“ಹಾಗಾದ್ರೆ ಆ ಹೆಂಗಸು ಹೇಳಿದ ಸುಳ್ಳೇ ಇವಳ ಕುಲ ಆಗುತ್ತೆ,” ಎಂದಳು ನೆತ್ಸಾಯಿ. “ಸಾಯೋವರೆಗೂ ಅದನ್ನೇ ನಡೆಸ್ಕೊಂಡು ಹೋಗ್ಬೇಕು. ಅವಳ ಮಕ್ಕಳೂ ನಡೆಸ್ಬೇಕು.”

“ನಿನ್ನ ಸತ್ಯ ಅವಳನ್ನ ಪಟ್ಟಣಕ್ಕೆ ಕಳಿಸಿದ್ರೆ?”

ಆ ರಾತ್ರಿ ಪ್ರಾರ್ಥನೆಗೆ ಕೂತಾಗಲೂ ನೆತ್ಸಾಯಿಗೆ ಅದೇ ಲೆಕ್ಕ. ಸುಮ್ಮನಿದ್ದರೆ ಅವಳಿಗೊಂದು ಮಗು ಸಿಗುತ್ತಿತ್ತು, ಮಗುವಿಗೊಂದು ಮನೆ. ಎನೋಕನ ಆ ತಮಾಷೆಯ ಕೂಗೂ ಬೇಲಿಯಾಚೆಯಿಂದ ದಿನಾ ಕೇಳುತ್ತಿತ್ತು. ಅದೆಲ್ಲ ಅವಳಿಗೆ ಬೇಕಿತ್ತು. ಎಷ್ಟು ಬೇಕಿತ್ತೆಂಬುದು ಕಳೆದುಕೊಳ್ಳುವ ಹೊತ್ತು ಬಂದಾಗಲೇ ಅವಳಿಗೆ ತಿಳಿದದ್ದು.

ಭಾನುವಾರ ಚರ್ಚು ಮುಗಿಸಿ ಪಾಸ್ಟರ್ ಮತ್ತು ಎನೋಕ್ ಊಟಕ್ಕೆ ಬಂದರು. ಗಂಡಸರು ಗೋಡೆಗಂಟಿದ ಮಣ್ಣಿನ ಕಟ್ಟೆಯ ಮೇಲೆ, ನೆತ್ಸಾಯಿ ಮತ್ತು ಶುವಾಯಿ ಕೆಳಗೆ ಚಾಪೆಯ ಮೇಲೆ. ಅಣೆಕಟ್ಟಿನಿಂದ ತರಿಸಿದ ದಪ್ಪ ಮೀನನ್ನು ನೆತ್ಸಾಯಿ ಬೆಳಿಗ್ಗೆಯೇ ಹುರಿದಿಟ್ಟಿದ್ದಳು. ಗಂಡಸರಿಗೆ ಬಡಿಸಿದಳು. ತನಗೆ ಹಾಕಿಕೊಂಡಳು. ಆಮೇಲೆ ಒಂದು ಇಡೀ ಮೀನನ್ನು ಶುವಾಯಿಯ ತಟ್ಟೆಗೂ ಇಟ್ಟಳು.

ಎನೋಕನ ಕೈ ಬಾಯಿಗೆ ಹೋಗದೆ ನಿಂತಿತು. “ಚಿಹೇರಾ, ಏನು ಮಾಡ್ತಿದ್ದೀಯ ನೀನು?”

ನೆತ್ಸಾಯಿ ಹೇಳಿದಳು. ಹಲ್ಲು, ಮೊಟ್ಟೆ, ಹಾಲು, ಮಾಂಸ, ಯಾವುದನ್ನೂ ಬಿಡದೆ, ಯಾವುದಕ್ಕೂ ಬಣ್ಣ ಕಟ್ಟದೆ ಹೇಳಿದಳು. ಇವಳು ಮಡುವಿನವಳೆಂದು ನಾನೂ ನಂಬಿದ್ದೆ, ನಂಬುವುದು ಅನುಕೂಲವಾಗಿತ್ತು ಎಂದಳು. ಪಾಸ್ಟರ್ ಮುದ್ದೆಯ ತುತ್ತನ್ನು ತಟ್ಟೆಯಲ್ಲೇ ಬಿಟ್ಟರು.

“ಊರೆಲ್ಲ ನೋಡೋ ಹಾಗೆ ಇವಳ ಮುಂದೆ ಚಪ್ಪಾಳೆ ತಟ್ಟಿದೀನಿ ನಾನು. ತಾಯಿ ಅಂತ ಕರೆದಿದೀನಿ,” ಎಂದ ಎನೋಕ್. “ಹಾಗಾದ್ರೆ ಇದು ಯಾರ ಮಗು?”

“ನನಗೆ ಗೊತ್ತಿಲ್ಲ ಭಾವ. ಇನ್ನು ಮೇಲೆ ಅವಳನ್ನ ಕೇಳೋದೂ ಇಲ್ಲ.”

ಎನೋಕ್ ಪಕ್ಕದಲ್ಲಿಟ್ಟಿದ್ದ ಟೋಪಿ ತೆಗೆದುಕೊಂಡು ಏಳಲು ಹೊರಟ. ನೆತ್ಸಾಯಿ ತಡೆಯಲಿಲ್ಲ. ಅವಳು ತನ್ನ ಮೀನಿನ ಒಂದು ಚೂರು ಮುರಿದು ಬಾಯಿಗಿಟ್ಟು, ಶುವಾಯಿಯ ಕಡೆ ನೋಡಿ ಜಗಿದಳು. ಹುಡುಗಿ ಅವಳ ಬಾಯಿಯನ್ನೇ ನೋಡಿದಳು, ತನ್ನ ತಟ್ಟೆ ನೋಡಿದಳು. ಆಮೇಲೆ ದೊಡ್ಡ ತುಂಡೊಂದನ್ನು ಕಿತ್ತು, ಕಣ್ಣು ಬಿಗಿಯಾಗಿ ಮುಚ್ಚಿ ಬಾಯಿಗೆ ತುರುಕಿಕೊಂಡಳು. ಎರಡು ಸಲ ಜಗಿದು ನಿಲ್ಲಿಸಿದಳು. ಮುಳ್ಳು ಚುಚ್ಚಿ ಮುಖ ಕಿವುಚಿಕೊಂಡಿತು, ಕಣ್ಣಲ್ಲಿ ನೀರು ಬಂತು. ಆದರೂ ಉಗುಳಲಿಲ್ಲ. ಸಿಕ್ಕಿದ್ದನ್ನು ಉಗುಳುವ ಅಭ್ಯಾಸ ಅವಳಿಗಿರಲಿಲ್ಲ.

ಎದ್ದು ನಿಂತಿದ್ದ ಎನೋಕ್ ಟೋಪಿಯನ್ನು ಕಟ್ಟೆಯ ಮೇಲೆ ಬಿಸಾಕಿ ಚಾಪೆಗೆ ಇಳಿದ.

“ಉಗುಳು, ಉಗುಳು ಇಲ್ಲಿ,” ಎಂದು ಅವಳ ಗಲ್ಲದ ಕೆಳಗೆ ಅಂಗೈ ಒಡ್ಡಿದ. “ಇಷ್ಟು ಮುಳ್ಳಿನ ಮೀನನ್ನ ಮಗು ಮುಂದೆ ಹೀಗೆ ಇಡ್ತಾರಾ ಯಾರಾದ್ರೂ? ಮೊದಲನೇ ಸಲ ತಿನ್ನೋ ಮಗು. ಸತ್ಯ ಹೇಳೋ ಗಡಿಬಿಡೀಲಿ ಬುದ್ಧಿ ಎಲ್ಲಿಟ್ಟಿದ್ದೆ ಚಿಹೇರಾ?”

ಬೈಯುತ್ತಲೇ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. ಮೊಳಕೈಯಿಂದ ನೆತ್ಸಾಯಿಯನ್ನು ಅತ್ತ ಸರಿಸಿ, ಮಗುವಿನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. ಮಂದವಾದ ಕಣ್ಣನ್ನು ಕಿರಿದು ಮಾಡಿ, ಉಳುಮೆಯಲ್ಲಿ ಒರಟಾದ ಬೆರಳುಗಳಿಂದ ಬೆನ್ನುಮುಳ್ಳನ್ನು ಉದ್ದಕ್ಕೂ ಎತ್ತಿ ತೆಗೆದ. ಸಣ್ಣ ಮುಳ್ಳುಗಳನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗೆ ಒರೆಸಿದ. ಎನೋಕನ ಒಪ್ಪಿಗೆ ಕೇಳಲು ಬಂದಿದ್ದ ಪಾಸ್ಟರರಿಗೆ ಇನ್ನು ಕೇಳುವ ಅಗತ್ಯ ಕಾಣಲಿಲ್ಲ. ಆರಿದ ಮುದ್ದೆಯನ್ನು ಮತ್ತೆ ಕೈಗೆತ್ತಿಕೊಂಡರು.

“ತಗೋ,” ಎಂದ ಎನೋಕ್, ಬಿಡಿಸಿದ ಮೀನನ್ನು ಅವಳ ಮುಂದೆ ಸರಿಸಿ. “ಈಗ ತಿನ್ನು. ನಿಧಾನ.”